ಮೊದಲ ತುತ್ತಿನ ಪರೀಕ್ಷೆ: ಸುರಪುರ ಸೀಮೆಯ ಬೇಟೆಯ ಅಡುಗೆ ಮತ್ತು ನಮ್ಮ ವಿಮರ್ಶೆಯ ಮೌನ

೧

ಸುರಪುರ, ಶಹಾಪುರ ಹಾಗೂ ಯಾದಗಿರಿ ಸೀಮೆಯ ಬೇಡ ಸಮುದಾಯವನ್ನು ಕುರಿತ ಬರಹಕ್ಕೆ ಕೊರತೆಯಿಲ್ಲ. ೧೭೦೫ರಲ್ಲಿ ವಾಗಿನಗೇರಿಯ ಕೋಟೆಯಲ್ಲಿ ನಿಂತು ಔರಂಗಜೇಬನ ಸೇನೆಯನ್ನು ಎದುರಿಸಿದ ಸಂಗತಿಯಿಂದ ಹಿಡಿದು ೧೮೫೮ರ ರಾಜಾ ವೆಂಕಟಪ್ಪನಾಯಕನ ಹೋರಾಟದವರೆಗೆ ಈ ಸಮುದಾಯದ ಚರಿತ್ರೆ ಬಿಲ್ಲು, ಬಂದೂಕು, ಕೋಟೆಗಳ ಸುತ್ತ ಹೆಣೆದುಕೊಂಡಿದೆ. ಹತ್ತು ವರ್ಷಕ್ಕೂ ಮಿಕ್ಕಿ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್‌ನ ಆತ್ಮಕಥೆ ಅವನ ನಿಧನಾನಂತರ ೧೮೭೭ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಮುಖ್ಯವಾಗಿ ಕಾಣಿಸಿಕೊಳ್ಳುವವನು ಶಸ್ತ್ರಧಾರಿಯಾದ ಬೇಡನೇ. ಮುಧೋಳ ಸೀಮೆಯ ಹಲಗಲಿಯ ಬೇಡರು ೧೮೫೭ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಕಥೆ ಲಾವಣಿಕಾರರ ಕಂಠದಲ್ಲಿ ಉಳಿದು, ಜೆ.ಎಫ್. ಫ್ಲೀಟ್ ಅವರ ಸಂಗ್ರಹಕ್ಕೆ ಸೇರಿ, ಅಲ್ಲಿಂದ ಮುಂದೆ ಕನ್ನಡದ ಓದುಗರಿಗೆಲ್ಲ ಪರಿಚಿತವಾಯಿತು.

ಈ ಎಲ್ಲ ಬರಹಗಳಲ್ಲಿ ಬೇಡನ ಕೈಯಲ್ಲಿ ಆಯುಧವಿದೆ. ಆದರೆ ಆ ಆಯುಧ ಶತ್ರುವಿನ ಕಡೆಗೆ ತಿರುಗುವ ಮುನ್ನ ತಲೆತಲಾಂತರದಿಂದ ತಿರುಗಿದ್ದು ಹಂದಿ, ಎರಳೆ, ಮೊಲ, ಕೌಜುಗಗಳ ಕಡೆಗೆ. ಮಿಕ ಕೆಡೆದ ಮೇಲೆ ಬೇಡನು ಮಾಡಿದ್ದೇನು? ಯಾವ ಭಾಗವನ್ನು ಮೊದಲು ತೆಗೆದನು? ಯಾವುದನ್ನು ಅಲ್ಲಿಯೇ ಸುಟ್ಟನು, ಯಾವುದನ್ನು ಮನೆಗೆ ತಂದನು? ಯಾರಿಗೆ ಎಷ್ಟು ಪಾಲು? ಈ ಪ್ರಶ್ನೆಗಳನ್ನು ನಮ್ಮ ಚರಿತ್ರೆಕಾರರು ಕೇಳಲಿಲ್ಲ. ಜಾನಪದ ವಿದ್ವಾಂಸರಾದ ನಾವೂ ಕೇಳಿದ್ದು ಕಡಿಮೆ. ಬೇಟೆಯ ಹಾಡನ್ನು ಬರೆದುಕೊಂಡೆವು, ಬೇಟೆಯ ಅಡುಗೆಯನ್ನು ಬಿಟ್ಟೆವು.

ಬೇಟೆಯ ಅಡುಗೆಯಲ್ಲಿಯೂ ಎಲ್ಲಕ್ಕಿಂತ ಮೊದಲು ಬೇಯುವ, ಎಲ್ಲಕ್ಕಿಂತ ಮೊದಲು ತಿನ್ನುವ ಭಾಗವೆಂದರೆ ಒಳಮಾಂಸ: ಕಾಳಜ, ಗುಂಡಿಗೆ, ಬೋಟಿ, ಮಿದುಳು. ಇದನ್ನೊಂದು ತಿಳಿವಳಿಕೆಯೆಂದು ಪರಿಗಣಿಸದ ಕಾರಣ ನಮ್ಮ ಸಾಹಿತ್ಯ ವಿಮರ್ಶೆ ಹಾಗೂ ಜಾನಪದ ಅಧ್ಯಯನಗಳು ಬೇಡನನ್ನು ಅರ್ಧ ಮಾತ್ರ ಓದಿವೆ ಎಂಬುದು ಪ್ರಸ್ತುತ ಪ್ರಬಂಧದ ವಾದ. ಬೇಟೆಯನ್ನು ಸಮರ್ಥಿಸುವುದು ಇಲ್ಲಿನ ಉದ್ದೇಶವಲ್ಲ. ವನ್ಯಜೀವಿಗಳ ಬೇಟೆ ಇಂದು ಕಾನೂನಿನ ಪ್ರಕಾರ ಅಪರಾಧ, ಆಗಬೇಕಾದದ್ದೂ ಹಾಗೆಯೇ. ಇಲ್ಲಿ ಚರ್ಚೆಗೆ ಬರುವುದು ಮುಗಿದುಹೋಗುತ್ತಿರುವ ಒಂದು ಅರಿವಿನ ದಾಖಲೆಯ ಪ್ರಶ್ನೆ.

೨

ಮೊದಲು ಭಾಷೆಯನ್ನೇ ನೋಡೋಣ. ಕನ್ನಡದ ಭಾವಕೋಶ ದೇಹದ ಒಳಗಿನ ಅಂಗಗಳಿಂದ ತುಂಬಿದೆ. ಮಗು ಕರುಳಿನ ಕುಡಿ. ದುಃಖ ಕಂಡರೆ ಕರುಳು ಚುರುಕ್ಕೆನ್ನುತ್ತದೆ. ಧೈರ್ಯವಿದ್ದವನಿಗೆ ಗುಂಡಿಗೆ ಇದೆ. ಸಿಟ್ಟು ಬಂದವನಿಗೆ ಪಿತ್ತ ನೆತ್ತಿಗೇರುತ್ತದೆ. ಯಕೃತ್ತಿಗೆ ಹಳೆಯ ಕನ್ನಡದ ಕಾಳಿಜ ಎಂಬ ಮಾತುಂಟು. ಸುರಪುರ ಸೀಮೆಯ ಬಾಯಲ್ಲಿ ಅದು ಕಾಳಜ. ಮರಾಠಿಯಲ್ಲಿಯೂ ಇದೇ ಮೂಲದ ಶಬ್ದ ಬಳಕೆಯಲ್ಲಿದ್ದು, ಉತ್ತರ ಕರ್ನಾಟಕದ ದಿನನಿತ್ಯದ ಮಾತಾದ ‘ಕಾಳಜಿ’ಯೂ ಅದರೊಡನೆ ಸಂಬಂಧವುಳ್ಳದ್ದು. ‘ಮಕ್ಕಳ ಕಾಳಜಿ ಮಾಡು’ ಎನ್ನುವ ತಾಯಿಯ ಮಾತಿನಲ್ಲಿ ದೇಹದ ಒಂದು ಅಂಗ ಅಡಗಿ ಕುಳಿತಿದೆ.

ಹೀಗೆ ಪ್ರೀತಿ, ಧೈರ್ಯ, ಕಾಳಜಿಗಳನ್ನು ಒಳ ಅಂಗಗಳಲ್ಲಿ ಇರಿಸಿದ ಭಾಷೆಯ ಶಿಷ್ಟ ಬರಹ, ಅವೇ ಅಂಗಗಳು ಆಹಾರವಾಗಿ ಬಂದಾಗ ಮಾತು ನಿಲ್ಲಿಸುತ್ತದೆ. ಒಳಮಾಂಸ ಎಂಬ ಪದವನ್ನು ನಾನು ಅನುಕೂಲಕ್ಕಾಗಿ ಬಳಸುತ್ತಿದ್ದೇನೆ. ಅಡುಗೆ ಬಲ್ಲವರ ಬಾಯಲ್ಲಿ ಇಂಥ ಒಟ್ಟು ಹೆಸರಿಗಿಂತ ಬಿಡಿಬಿಡಿ ಹೆಸರುಗಳೇ ಹೆಚ್ಚು ಜೀವಂತ. ಕಾಳಜವೇ ಬೇರೆ, ಬೋಟಿಯೇ ಬೇರೆ, ಗುಂಡಿಗೆಯೇ ಬೇರೆ. ಅವುಗಳೊಡನೆ ಕಲೇಜಿ, ಗುರ್ದಾ, ಭೇಜಾ ಎಂಬ ದಖನಿ ಮಾತುಗಳೂ ಬೆರೆತಿವೆ. ಬೇಯುವ ಹೊತ್ತು ಬೇರೆ, ಹಾಕುವ ಖಾರ ಬೇರೆ, ತಿನ್ನುವ ಸಂದರ್ಭ ಬೇರೆ ಎಂದಾಗ ಹೆಸರುಗಳೂ ಬೇರೆಯಾಗಿಯೇ ಉಳಿಯುತ್ತವೆ. ಹೊರಗಿನಿಂದ ನೋಡುವವನಿಗೆ ಮಾತ್ರ ಇವೆಲ್ಲ ಒಂದೇ ರಾಶಿಯಾಗಿ ಕಾಣುತ್ತವೆ.

೩

ಇನ್ನು ಬರಹದ ಪರಂಪರೆ. ಕನ್ನಡ ನಾಡಿನಲ್ಲಿ ಅಡುಗೆಯ ಬರಹಕ್ಕೆ ಸಾವಿರ ವರ್ಷಗಳ ಇತಿಹಾಸವಿದೆ. ೧೦೨೫ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೆ ಒಂದು ಅಧ್ಯಾಯವೇ ಮೀಸಲು. ಹದಿನಾರನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಪೂರ್ತಿಯಾಗಿ ಅಡುಗೆಗೇ ಮೀಸಲಾದ ಷಟ್ಪದಿ ಕಾವ್ಯ. ಭಕ್ಷ್ಯಗಳ ಹದ, ತರಕಾರಿಗಳ ಪಾಕ, ಪಾನಕಗಳ ಬಗೆ ಎಲ್ಲವೂ ಅಲ್ಲಿವೆ, ಮಾಂಸವಿಲ್ಲ. ಜೈನ ಕವಿಯಿಂದ ಬೇರೆಯದನ್ನು ನಿರೀಕ್ಷಿಸುವುದೂ ಸರಿಯಲ್ಲ. ೧೨೦೯ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗೇ ಜನ್ಮಜನ್ಮಾಂತರದ ಶಿಕ್ಷೆಯಿದೆ. ಆ ನೈತಿಕ ಜಗತ್ತಿನ ಗಾಂಭೀರ್ಯವನ್ನು ಕಡೆಗಣಿಸುವಂತಿಲ್ಲ. ಆದರೆ ಆ ಜಗತ್ತಿನ ಕಣ್ಣಿನಿಂದ ನೋಡಿದಾಗ ಮಾಂಸದ ಅಡುಗೆ ಪಾಪದ ನಿದರ್ಶನವಾಗಿ ಬರಬಹುದಲ್ಲದೆ ಕುಶಲತೆಯಾಗಿ ಬರಲಾರದು.

ಮಾಂಸದ ಅಡುಗೆಯನ್ನು ಕುಶಲತೆಯೆಂದು ಬರೆದ ಗ್ರಂಥವೊಂದು ಇದೇ ಭಾಗದಲ್ಲಿ ಹುಟ್ಟಿತು. ಅದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಹನ್ನೆರಡನೆಯ ಶತಮಾನದ ಈ ಗ್ರಂಥದ ನೂರು ಅಧ್ಯಾಯಗಳಲ್ಲಿ ಬೇಟೆಯ ವಿನೋದಕ್ಕೂ ಅನ್ನಭೋಗಕ್ಕೂ ಸ್ಥಾನವಿದೆ. ಹಂದಿಯ ರೋಮ ತೆಗೆಯುವ ಬಗೆಯಿಂದ ಆರಂಭಿಸಿ, ಯಕೃತ್ತನ್ನು ಅಡಕೆಯ ಗಾತ್ರಕ್ಕೆ ಕತ್ತರಿಸಿ ಕೆಂಡದಲ್ಲಿ ಸುಟ್ಟು, ಸಂಬಾರದೊಡನೆ ಹುರಿದು, ಮೊಸರಿನಲ್ಲಿ ಅಥವಾ ಸಾಸಿವೆಯ ರಸದಲ್ಲಿ ಹಾಕುವ ಕ್ರಮದವರೆಗೆ ದೊರೆ ವಿವರಿಸುತ್ತಾನೆ. ಕರುಳಿನ ಪಾಕಗಳೂ ಅಲ್ಲಿವೆ. ಗಮನಿಸಬೇಕಾದ ಸಂಗತಿಗಳು ಎರಡು. ಒಂದು, ಗ್ರಂಥದ ಭಾಷೆ ಸಂಸ್ಕೃತ. ಎರಡು, ಮಾತನಾಡುವವನು ಬಡಿಸಿಕೊಳ್ಳುವ ಅರಸ. ಮಿಕವನ್ನು ಹೊಡೆದವರೂ ಸುಲಿದವರೂ ಬೇಯಿಸಿದವರೂ ಅಲ್ಲಿ ಮಾತನಾಡುವುದಿಲ್ಲ. ಅರಸನ ತಟ್ಟೆಗೆ ಬಂದಾಗ ಶಾಸ್ತ್ರವಾದದ್ದು ಬೇಡನ ಒಲೆಯ ಮೇಲೆ ಇದ್ದಾಗ ಶಾಸ್ತ್ರವಾಗಲಿಲ್ಲ. ಕಲ್ಯಾಣದಿಂದ ಸುರಪುರ ಬಹುದೂರವಿಲ್ಲ. ಸುರಪುರ ತಾಲ್ಲೂಕಿನ ಯೇವೂರು ಚಾಲುಕ್ಯ ಶಾಸನಗಳಿಗೆ ಪ್ರಸಿದ್ಧವಾದ ಊರು. ಒಂದೇ ನಾಡಿನೊಳಗೆ ಒಂದೇ ಕಾಳಜ ಎರಡು ಬಗೆಯ ಬಾಳನ್ನು ಬಾಳಿತು.

ವಸಾಹತು ಕಾಲದಲ್ಲಿ ಆಹಾರ ಬರಹಕ್ಕೆ ಬಂತು, ಬೇರೊಂದು ರೂಪದಲ್ಲಿ. ಎಡ್ಗರ್ ಥರ್ಸ್ಟನ್‌ನ ೧೯೦೯ರ ಸಂಪುಟಗಳು, ಸಯ್ಯದ್ ಸಿರಾಜ್ ಉಲ್ ಹಸನ್ ಅವರು ನಿಜಾಮನ ರಾಜ್ಯದ ಜಾತಿ ಬುಡಕಟ್ಟುಗಳನ್ನು ಕುರಿತು ೧೯೨೦ರಲ್ಲಿ ಪ್ರಕಟಿಸಿದ ಗ್ರಂಥ, ಇಂಥ ಕೋಶಗಳಲ್ಲಿ ಒಂದು ಸಮುದಾಯ ಏನನ್ನು ತಿನ್ನುತ್ತದೆ, ಏನನ್ನು ಬಿಡುತ್ತದೆ, ಯಾರ ಕೈಯ ನೀರು ಕುಡಿಯುತ್ತದೆ ಎಂಬುದು ಅದರ ಸಾಮಾಜಿಕ ಸ್ಥಾನವನ್ನು ಅಳೆಯುವ ಕೋಲಾಯಿತು. ೧೯೮೫ರಲ್ಲಿ ಆರಂಭವಾದ ‘ಭಾರತದ ಜನತೆ’ ಯೋಜನೆಯ ವರದಿಗಳಲ್ಲಿಯೂ ಆಹಾರಕ್ಕೆ ಒಂದೆರಡು ವಾಕ್ಯಗಳ ಜಾಗವಿದೆ. ತಿನ್ನುವ ಪ್ರಾಣಿಗಳ ಹೆಸರು ಇಂಥ ಪಟ್ಟಿಗಳಲ್ಲಿ ಸಿಗುತ್ತದೆ, ತಿನ್ನುವ ಬಗೆ ಸಿಗುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಸಮುದಾಯ ಅಧ್ಯಯನಗಳು ಇದೇ ನಮೂನೆಯನ್ನು ಅನುಸರಿಸಿದವು. ‘ಆಹಾರ ಪದ್ಧತಿ’ ಎಂಬ ಉಪಶೀರ್ಷಿಕೆಯಡಿ ‘ಇವರು ಮಾಂಸಾಹಾರಿಗಳು’ ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುವ ರೂಢಿ ಬೆಳೆಯಿತು. ನನ್ನ ಮಹಾಪ್ರಬಂಧದಲ್ಲಿಯೂ ಇದೇ ವಾಕ್ಯವಿದೆ.

೪

ಮಹಾಪ್ರಬಂಧಕ್ಕಾಗಿ ಸುರಪುರ ಮತ್ತು ಶಹಾಪುರ ತಾಲ್ಲೂಕುಗಳಲ್ಲಿ ತಿರುಗಾಡಿದಾಗ ಬೇಟೆಯ ಹಾಡುಗಳಿಗಾಗಿ ಹಿರಿಯರನ್ನು ಕಾಣುತ್ತಿದ್ದೆ. ಹಾಡು ಮುಗಿದ ಮೇಲೆ ಮಾತು ತಾನಾಗಿ ಅಡುಗೆಯ ಕಡೆಗೆ ಹೊರಳುತ್ತಿತ್ತು. ಟೇಪ್ ರೆಕಾರ್ಡರ್ ಅಷ್ಟರಲ್ಲಿ ನಿಂತಿರುತ್ತಿತ್ತು. ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಉಳಿದ ಕೆಲವು ಸಾಲುಗಳು ಹಾಗೂ ಅನಂತರದ ಭೇಟಿಗಳಲ್ಲಿ ಕೇಳಿ ತಿಳಿದದ್ದು ಈ ಭಾಗದ ಆಧಾರ. ಮಾತನಾಡಿದವರು ಹೇಳಿದ್ದು ತಮ್ಮ ಹರೆಯದ ಕಾಲದ, ಹಲವು ದಶಕಗಳ ಹಿಂದಿನ ಸಂಗತಿಗಳನ್ನು.

ಮಿಕವನ್ನು ಸೀಳಿದ ಕೂಡಲೇ ಕಣ್ಣು ಹೋಗುವುದು ಕಾಳಜದ ಮೇಲೆ. ಒಬ್ಬ ಹಿರಿಯರು ಇದನ್ನು ಹೀಗೆ ವಿವರಿಸಿದರು: “ಮದಲ ಕಾಳಜ ನೋಡಬೇಕ್ರಿ. ಬಣ್ಣ ಸರಿ ಐತೋ ಇಲ್ಲೋ, ಮ್ಯಾಲ ಬಿಳಿ ಚುಕ್ಕಿ ಅದಾವೋ ಇಲ್ಲೋ. ಚುಕ್ಕಿ ಇತ್ತಂದ್ರ ಇಡೀ ಮಿಕಾನ ಅಲ್ಲೇ ಹೂಳಿ ಬರೂದು. ನಾಯಿಗೂ ಹಾಕಬಾರದು.” ಹಸಿದ ಗುಂಪೊಂದು ದಿನವಿಡೀ ಅಲೆದು ಹೊಡೆದ ಪ್ರಾಣಿಯನ್ನು ಒಂದು ಅಂಗದ ಗುರುತು ನೋಡಿ ಬಿಟ್ಟುಬರುವುದಕ್ಕೆ ಎಷ್ಟು ದೃಢವಾದ ತಿಳಿವಳಿಕೆ ಬೇಕು ಎಂಬುದನ್ನು ಊಹಿಸಬಹುದು. ಯುರೋಪಿನ ಒಕ್ಕೂಟ ೨೦೦೪ರಲ್ಲಿ ರೂಪಿಸಿದ ಆಹಾರ ನಿಯಮಗಳಲ್ಲಿ, ಮಾರಾಟಕ್ಕೆ ಬರುವ ಬೇಟೆಯ ಪ್ರಾಣಿಯ ದೇಹವನ್ನೂ ಒಳ ಅಂಗಗಳನ್ನೂ ತರಬೇತಿ ಪಡೆದ ವ್ಯಕ್ತಿಯೊಬ್ಬ ಪರೀಕ್ಷಿಸಬೇಕೆಂಬ ವಿಧಿಯಿದೆ. ಅಲ್ಲಿ ನಿಯಮವಾಗಿ ಅಚ್ಚಾದದ್ದು ಇಲ್ಲಿ ಒಬ್ಬ ಮುದುಕರ ಕಣ್ಣಿನಲ್ಲಿತ್ತು.

ಎರಡನೆಯ ಎಚ್ಚರ ಪಿತ್ತದ ಚೀಲದ್ದು. ಕಾಳಜಕ್ಕೆ ಅಂಟಿಕೊಂಡ ಆ ಚೀಲ ಒಡೆದರೆ ಸುತ್ತಲಿನ ಮಾಂಸವೆಲ್ಲ ಕಹಿ. ಅದನ್ನು ಬಿಡಿಸುವ ಕೆಲಸ ಹುಡುಗರ ಕೈಗೆ ಸಿಗುತ್ತಿರಲಿಲ್ಲ. ಅನಂತರ ಕಾಳಜವನ್ನೂ ಗುಂಡಿಗೆಯನ್ನೂ ಅಲ್ಲಿಯೇ, ಆರಿಸಿ ತಂದ ಪುಳ್ಳಿಯ ಕೆಂಡದ ಮೇಲೆ ಸುಡುವುದು. ಮೊದಲೇ ಉಪ್ಪು ಹಚ್ಚಿದರೆ ಕಾಳಜ ಗಟ್ಟಿಯಾಗುತ್ತದೆ. ಆದ್ದರಿಂದ ಉಪ್ಪು ಖಾರ ಆಮೇಲೆ. ರೊಟ್ಟಿಯ ಬುತ್ತಿ ಬಿಚ್ಚುವುದು ಆಗ.

ಒಳಮಾಂಸವೇ ಮೊದಲು ಏಕೆ? ಇದಕ್ಕೆ ಮೊದಲ ಕಾರಣ ಬಿಸಿಲು. ಬೇಸಗೆಯಲ್ಲಿ ೪೦ ಡಿಗ್ರಿ ಮೀರುವ ಈ ಸೀಮೆಯಲ್ಲಿ ಒಳ ಅಂಗಗಳು ಕೆಲವೇ ಗಂಟೆಗಳಲ್ಲಿ ಕೆಡುತ್ತವೆ. ಖಂಡವನ್ನು ಸೀಳಿ, ಉಪ್ಪು ಅರಿಸಿನ ಹಚ್ಚಿ, ಹಗ್ಗದ ಮೇಲೆ ಒಣಹಾಕಿ ಉಳಿಸಬಹುದು. ಕಾಳಜವನ್ನು ಹಾಗೆ ಕೂಡಿಡಲು ಬರುವುದಿಲ್ಲ. ಎರಡನೆಯ ಕಾರಣ ಲೆಕ್ಕದ್ದು. ಖಂಡವನ್ನು ಪಾಲು ಹಾಕಬಹುದು. ಮುತ್ತಲ ಎಲೆಗಳ ಮೇಲೆ ಸಮನಾದ ರಾಶಿಗಳನ್ನಿಟ್ಟು, ಒಬ್ಬನನ್ನು ಬೆನ್ನುಮಾಡಿ ನಿಲ್ಲಿಸಿ, ‘ಇದು ಯಾರಿಗೆ’ ಎಂದು ಕೇಳುತ್ತ ಹೆಸರು ಹೇಳಿಸುವ ಕ್ರಮವನ್ನು ಹಲವರು ನೆನೆದರು. ನೋಡದೆ ಹೇಳಿದ ಹೆಸರಿಗೆ ತಕರಾರಿಲ್ಲ. ಆದರೆ ಒಂದು ಮಿಕಕ್ಕೆ ಕಾಳಜ ಒಂದೇ, ಗುಂಡಿಗೆ ಒಂದೇ. ಹದಿನೈದು ಜನರಿಗೆ ಅದನ್ನು ತೂಗಿ ಕೊಡಲು ಸಾಧ್ಯವಿಲ್ಲ. ಹಂಚಲಾಗದ್ದನ್ನು ಕೂಡಿ ತಿನ್ನಬೇಕು. ಹೊಡೆದವನೂ ಓಡಿಸಿದವನೂ ನಾಯಿ ಹಿಡಿದವನೂ ಬರಿಗೈಯಲ್ಲಿ ಜೊತೆಗೆ ಬಂದವನೂ ಒಂದೇ ಕೆಂಡದ ಸುತ್ತ ಕುಳಿತು ಒಂದೊಂದು ತುಣುಕು ತಿಂದ ಮೇಲೆಯೇ ಪಾಲಿನ ಮಾತು. ಬೇಟೆಯ ಗುಂಪು ಗುಂಪಾಗುವುದು ಈ ಮೊದಲ ತುತ್ತಿನಲ್ಲಿ ಎಂದು ನನಗೆ ತೋರುತ್ತದೆ.

ಇಷ್ಟು ಹೇಳಿ ಬೇಡರ ಸಮಾನತೆಯನ್ನು ಕೊಂಡಾಡಿ ಮುಗಿಸುವುದು ಸುಲಭ. ಆದರೆ ಆ ಕೆಂಡದ ಸುತ್ತ ಹೆಂಗಸರಿಲ್ಲ. ಶಹಾಪುರ ಕಡೆಯ ಒಬ್ಬ ಹಿರಿಯ ತಾಯಿ ನಗುತ್ತಲೇ ಈ ಮಾತು ಹೇಳಿದರು: “ಕಾಳಜ ತಿಂದು ಬರೂದು ಗಂಡಸ್ರ ಪಾಳಿ, ಬೋಟಿ ತೊಳಿಯೂದು ನಮ್ಮ ಪಾಳಿ.” ನಗೆಯ ಒಳಗೆ ಸಮಾಧಾನವಿರಲಿಲ್ಲ. ಬೋಟಿ ತೊಳೆಯುವುದೇ ಅರ್ಧ ದಿನದ ದುಡಿಮೆ. ಕರುಳನ್ನು ನೀರಿನಲ್ಲಿ ಜಾಲಿಸಿ, ಸಣ್ಣ ಕಡ್ಡಿಯಿಂದ ಒಳಮೈ ಹೊರಗೆ ತಿರುವಿ, ಉಪ್ಪು ಮತ್ತು ಜೋಳದ ಹಿಟ್ಟು ಹಚ್ಚಿ ತಿಕ್ಕಿ, ಬಿಸಿನೀರಿನಲ್ಲಿ ಅದ್ದಿ ಕೆರೆದು, ವಾಸನೆ ಹೋಗುವ ತನಕ ಮತ್ತೆ ಮತ್ತೆ ತೊಳೆಯಬೇಕು. ಅರಿಸಿನ ಹಾಕಿ ಬೇಯಿಸಿದ ಮೇಲೆ ಬಳ್ಳೊಳ್ಳಿ, ಒಣಖಾರ, ಕೊಬ್ಬರಿ. ಕೆಲವು ಮನೆಗಳಲ್ಲಿ ಪುಂಡಿಪಲ್ಯದ ಹುಳಿ. ಬಿಸಿ ಜೋಳದ ರೊಟ್ಟಿಯೊಡನೆ ತಿನ್ನುವ ಈ ಪಲ್ಯದಲ್ಲಿ ಮಾಂಸದ ಬೆಲೆಗಿಂತ ಕೈಯ ಬೆಲೆ ದೊಡ್ಡದು. ಮಾನಸೋಲ್ಲಾಸದ ಅರಸನಿಗೂ ನಮ್ಮ ಬೇಟೆಯ ಹಾಡಿನ ನಾಯಕನಿಗೂ ಈ ಕೈ ಕಾಣಲಿಲ್ಲ.

ಇನ್ನೊಂದು ಭೇದವನ್ನೂ ಗುರುತಿಸಬೇಕು. ಅಡವಿಯಲ್ಲಿ ಎಲ್ಲರ ಮೊದಲ ತುತ್ತಾಗಿದ್ದ ಒಳಮಾಂಸ ಊರೊಳಗೆ ಬಂದಾಗ ಸ್ಥಾನ ಬದಲಿಸುತ್ತದೆ. ಊರ ದೇವತೆಗೆ ಹರಕೆಯ ಕುರಿ ಕೋಣಗಳನ್ನು ಕೊಡುವ ಪದ್ಧತಿಯಲ್ಲಿ ತಲೆ, ಕಾಲು, ತೊಗಲು, ಕರುಳು ಇವೆಲ್ಲ ಆಯಾ ಸೇವೆಯವರ ಆಯವಾಗಿ ಹಂಚಿಕೆಯಾಗುತ್ತಿದ್ದವು. ಖಂಡ ಮೇಲಿನವರಿಗೆ, ಒಳಗಿನದು ಕೆಳಗಿನವರಿಗೆ ಎಂಬ ಲೆಕ್ಕ ಅಲ್ಲಿ ಕೆಲಸ ಮಾಡಿದೆ. ಒಂದೇ ಅಂಗ ಒಂದೆಡೆ ಕೂಡಿ ತಿನ್ನುವ ನೆವವಾದರೆ ಇನ್ನೊಂದೆಡೆ ಜಾತಿಯನ್ನು ಬೇರ್ಪಡಿಸುವ ಗೆರೆಯಾಯಿತು. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಂಥ ಆತ್ಮಕಥನಗಳು ಬಂದ ಮೇಲೆ ಹಸಿವು ಮತ್ತು ಅವಮಾನದ ಪ್ರಶ್ನೆಗಳನ್ನು ಕನ್ನಡ ವಿಮರ್ಶೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಅದು ದೊಡ್ಡ ಗಳಿಕೆ. ಆದರೆ ಅವಮಾನವನ್ನು ಓದಲು ಕಲಿತ ನಾವು, ಆ ಅವಮಾನದ ನಡುವೆಯೇ ಬೆಳೆದ ಕೈಯ ಕುಶಲತೆಯನ್ನು ಓದಲು ಇನ್ನೂ ಕಲಿಯಬೇಕಾಗಿದೆ.

೫

ಈ ಹಿನ್ನೆಲೆಯಲ್ಲಿ ಬೇಡರ ಕಣ್ಣಪ್ಪನ ಕಥೆಯನ್ನು ಮತ್ತೊಮ್ಮೆ ಓದಬಹುದು. ತಮಿಳಿನ ‘ಪೆರಿಯ ಪುರಾಣ’ದಲ್ಲಿ ಸೇಕ್ಕಿಳಾರನೂ ಕನ್ನಡದಲ್ಲಿ ಹರಿಹರನೂ ಹೇಳಿದ, ತೆಲುಗಿನಲ್ಲಿ ಧೂರ್ಜಟಿಯ ಕಾಳಹಸ್ತಿ ಮಾಹಾತ್ಮ್ಯಕ್ಕೂ ಸೇರಿದ ಕಥೆಯಿದು. ೧೯೫೪ರ ‘ಬೇಡರ ಕಣ್ಣಪ್ಪ’ ಚಲನಚಿತ್ರ ರಾಜ್‌ಕುಮಾರ್ ಅವರನ್ನು ನಾಯಕನಟರನ್ನಾಗಿ ಮಾಡಿದ ಮೇಲಂತೂ ಕನ್ನಡಿಗರ ಮನೆಮಾತು. ಸುರಪುರ ಸೀಮೆಯ ಬೇಡರೂ ಕಣ್ಣಪ್ಪನನ್ನು ತಮ್ಮವನೆಂದೇ ಭಾವಿಸುತ್ತಾರೆ.

ಕಥೆಯ ಕೊನೆ ಎಲ್ಲರಿಗೂ ಗೊತ್ತು: ಶಿವಲಿಂಗದ ಕಣ್ಣಿನಿಂದ ನೆತ್ತರು ಸುರಿದಾಗ ಬೇಡನು ತನ್ನ ಕಣ್ಣನ್ನೇ ಕಿತ್ತು ಇಡುತ್ತಾನೆ. ಆದರೆ ಕಥೆಯ ನಡುವಿನಲ್ಲಿ ಒಂದು ಅಡುಗೆಯಿದೆ. ಹಂದಿಯನ್ನು ಹೊಡೆದ ಬೇಡನು ಅದನ್ನು ಕೊಯ್ದು, ಬೆಂಕಿಯಲ್ಲಿ ಸುಟ್ಟು, ಒಂದೊಂದು ತುಂಡನ್ನೂ ತಾನು ಬಾಯಿಗೆ ಹಾಕಿ ನೋಡಿ, ಮೆತ್ತಗೆ ರುಚಿಯಾದುದನ್ನು ಮಾತ್ರ ದೇವರಿಗೆಂದು ಎತ್ತಿಡುತ್ತಾನೆ. ಬಾಯಲ್ಲಿ ನೀರು, ಮುಡಿಯಲ್ಲಿ ಹೂವು, ಕೈಯಲ್ಲಿ ಎಂಜಲು ಮಾಂಸ. ಪೂಜೆಯ ಅರ್ಚಕನಿಗೆ ಇದು ಸಹಿಸಲಾಗದ ಅಪಚಾರ.

ನಮ್ಮ ವಿಮರ್ಶೆ ಈ ಸನ್ನಿವೇಶವನ್ನು ಮುಗ್ಧಭಕ್ತಿ ಎಂಬ ಮಾತಿನಿಂದ ವಿವರಿಸುತ್ತ ಬಂದಿದೆ. ಬೇಡನಿಗೆ ಶಾಸ್ತ್ರ ತಿಳಿಯದು, ಎಂಜಲಿನ ಕಲ್ಪನೆ ತಿಳಿಯದು. ತಿಳಿಯದೆಯೇ ಪ್ರೀತಿಸಿದ, ಅದಕ್ಕಾಗಿಯೇ ಶಿವನು ಮೆಚ್ಚಿದ. ಈ ಓದು ಭಕ್ತಿಯನ್ನು ಎತ್ತಿಹಿಡಿಯುತ್ತದೆ. ಅದರ ಜೊತೆಯಲ್ಲಿಯೇ ಬೇಡನನ್ನು ಅರಿವಿಲ್ಲದವನನ್ನಾಗಿ ಮಾಡುತ್ತದೆ. ಅರಿವಿನ ಕೊರತೆಯೇ ಅವನ ಹಿರಿಮೆಗೆ ಕಾರಣವಾಗುತ್ತದೆ. ಶಬರಿಯ 'ಎಂಜಲು ಹಣ್ಣಿನ' ಕಥೆಯನ್ನು ಓದುವಾಗಲೂ ನಾವು ಬಳಸುವುದು ಇದೇ ಅಳತೆಗೋಲನ್ನು.

ಕಾಳಜದ ಚುಕ್ಕಿ ನೋಡುವ ಹಿರಿಯರ ಮಾತನ್ನು ಕೇಳಿದ ಮೇಲೆ ನನಗೆ ಈ ಓದು ಸಾಲದೆನಿಸಿದೆ. ಬೇಡನು ಬಾಯಿಗೆ ಹಾಕಿ ನೋಡಿದ್ದು ಅಜ್ಞಾನದಿಂದಲ್ಲ. ಬೇಟೆಯ ಮಾಂಸ ಅಂಗಡಿಯ ಮಾಂಸದಂತಲ್ಲ. ಪ್ರಾಣಿಯ ವಯಸ್ಸು ಗೊತ್ತಿಲ್ಲ, ಅದಕ್ಕಿದ್ದ ರೋಗ ಗೊತ್ತಿಲ್ಲ, ಓಡಿ ಓಡಿ ದಣಿದ ಮೈ ಗಟ್ಟಿಯಾಗಿರುತ್ತದೆ, ಪಿತ್ತ ಎಲ್ಲಿ ತಾಗಿದೆಯೋ ತಿಳಿಯದು. ತಿಂದು ನೋಡದೆ ಇನ್ನೊಬ್ಬರ ಮುಂದಿಡುವುದು ಬೇಟೆಗಾರರ ನಡತೆಯಲ್ಲ. ಅರ್ಚಕನ ಜಗತ್ತಿನಲ್ಲಿ ಮೊದಲು ತಿಂದದ್ದು ಮೈಲಿಗೆ, ಬೇಟೆಗಾರನ ಜಗತ್ತಿನಲ್ಲಿ ಮೊದಲು ತಿಂದು ನೋಡುವುದು ಹೊಣೆ. ವಿಷವಿದ್ದರೆ, ಕಹಿಯಿದ್ದರೆ, ಕೆಟ್ಟಿದ್ದರೆ ಅದು ನನಗೆ ಮೊದಲು ತಾಗಲಿ ಎಂಬ ಹೊಣೆ. ಕಣ್ಣು ಕಿತ್ತುಕೊಟ್ಟ ಕೊನೆಯ ಘಟನೆಯ ಬೀಜ ಈ ರುಚಿ ನೋಡುವುದರಲ್ಲಿಯೇ ಇದೆ. ಎರಡು ಕಡೆಯೂ ತನ್ನ ದೇಹವನ್ನು ಮುಂದೊಡ್ಡುವವನು ಬೇಡನೇ. ಹಾಗೆ ಓದಿದರೆ ಕಣ್ಣಪ್ಪನು ತಿಳಿಯದೆ ಪ್ರೀತಿಸಿದವನಲ್ಲ, ತನಗೆ ತಿಳಿದ ವಿದ್ಯೆಯಿಂದಲೇ ಪ್ರೀತಿಸಿದವನು.

ಈ ವಿದ್ಯೆಗೂ ಗ್ರಂಥಸ್ಥ ವಿದ್ಯೆಗೂ ನಡುವೆ ಗೋಡೆಯಿತ್ತೆಂದು ಭಾವಿಸಬೇಕಾಗಿಲ್ಲ. ಇರುಳುಗುರುಡಿಗೆ ಪ್ರಾಣಿಯ ಯಕೃತ್ತನ್ನು ಹಿಪ್ಪಲಿಯೊಡನೆ ಸುಟ್ಟು ತಿನ್ನಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಯಕೃತ್ತಿನಲ್ಲಿ ಸಂಗ್ರಹವಾಗುವ ಎ ಜೀವಸತ್ವದ ಕೊರತೆಯಿಂದಲೇ ಇರುಳುಗುರುಡು ಬರುತ್ತದೆಂಬುದು ಆಧುನಿಕ ವೈದ್ಯದ ವಿವರಣೆ. ಸುರಪುರ ಕಡೆಯ ಹಿರಿಯರೂ ಸಂಜೆಗಣ್ಣು ಕಾಣದ ಮಕ್ಕಳಿಗೆ ಸುಟ್ಟ ಕಾಳಜ ಕೊಡುತ್ತಿದ್ದುದನ್ನು ನೆನೆದರು. ಸಂಹಿತೆಯಲ್ಲಿದ್ದಾಗ ವೈದ್ಯವೆನ್ನುವುದನ್ನು ಅಡವಿಯಲ್ಲಿದ್ದಾಗ ಮೌಢ್ಯವೆನ್ನುವ ಅಭ್ಯಾಸವನ್ನು ನಾವು ಬಿಡಬೇಕು.

೬

ಇದೇ ಸೀಮೆಯ ಮಣ್ಣಿನಡಿಯಲ್ಲಿ ಮಾಂಸಾಹಾರದ ಅತಿ ಪ್ರಾಚೀನ ಕುರುಹುಗಳಿವೆ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ನಡೆಸಿದ ಸಂಶೋಧನೆ ಜಗತ್ಪ್ರಸಿದ್ಧ. ಅಲ್ಲಿನ ಇಸಾಂಪುರದ ಕಲ್ಲಾಯುಧಗಳ ನೆಲೆಗೆ, ಪ್ರಾಣಿಗಳ ಹಲ್ಲಿನ ಮೇಲ್ಪದರವನ್ನು ಪರೀಕ್ಷಿಸಿ, ಸುಮಾರು ೧೨ ಲಕ್ಷ ವರ್ಷಗಳ ಕಾಲವನ್ನು ಸೂಚಿಸಿದ್ದಾರೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ೧೯೯೦ರ ದಶಕದ ಉತ್ಖನನದಲ್ಲಿ ನವಶಿಲಾಯುಗದ ಬೂದಿದಿಬ್ಬದ ಜೊತೆಗೆ ದನಗಳನ್ನು ಕಡಿದು ಮಾಂಸ ಬಿಡಿಸುತ್ತಿದ್ದ ನೆಲಗಟ್ಟೂ ದೊರೆಯಿತು. ಅದು ಬೇಟೆಗಾರರದ್ದಲ್ಲ, ಪಶುಪಾಲಕರದ್ದು. ಆದರೂ ಜನ ಒಂದೆಡೆ ಸೇರಿ ಪ್ರಾಣಿಯನ್ನು ಬಿಡಿಸಿ ಹಂಚಿಕೊಂಡ ಜಾಗ. ಅಲ್ಲಿ ಎಲುಬು ಉಳಿದಿದೆ, ಕಲ್ಲಿನ ಅಲಗು ಉಳಿದಿದೆ. ಕಾಳಜವೂ ಗುಂಡಿಗೆಯೂ ಮಣ್ಣಿನಲ್ಲಿ ಉಳಿಯುವ ವಸ್ತುಗಳಲ್ಲ. ಪುರಾತತ್ತ್ವಕ್ಕೆ ಸಿಗದ, ಕಾವ್ಯಕ್ಕೆ ಬೇಡವಾದ, ಜಾತಿಕೋಶಗಳಿಗೆ ಕಾಣದ ಈ ಸಂಗತಿ ಉಳಿಯಬಹುದಾದ ತಾವು ಒಂದೇ: ಜನರ ನೆನಪು. ಆ ನೆನಪನ್ನು ಕೇಳಬೇಕಾದವರು ಜಾನಪದ ವಿದ್ವಾಂಸರು.

ಈಗ ಆ ನೆನಪೂ ಕೊನೆಯ ತಲೆಮಾರಿನಲ್ಲಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದರ ೨೦೨೨ರ ತಿದ್ದುಪಡಿಗಳ ಪ್ರಕಾರ ಅನುಮತಿಯಿಲ್ಲದೆ ಬೇಟೆಯಾಡುವುದೂ ಅದರ ಮಾಂಸವನ್ನು ಇಟ್ಟುಕೊಳ್ಳುವುದೂ ಶಿಕ್ಷಾರ್ಹ. ಕಾಯಿದೆಯಷ್ಟೇ ಕಾರಣವೂ ಅಲ್ಲ. ೧೯೮೨ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣಗೊಂಡು ಕಾಲುವೆಗಳು ಹರಿದ ಮೇಲೆ ಸುರಪುರ ಶಹಾಪುರಗಳ ಕುರುಚಲು ಅಡವಿ, ಬೀಳು ನೆಲಗಳು ಹತ್ತಿ ಬತ್ತಗಳ ಹೊಲಗಳಾದವು. ಎರಳೆಗೆ ನಿಲ್ಲಲು ಜಾಗ ಉಳಿಯಲಿಲ್ಲ. ಬೇಟೆ ಬಿಟ್ಟ ಮನೆಗಳು ಬೇಸಾಯಕ್ಕೂ ಕೂಲಿಗೂ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಹಂಚಿಹೋದವು.

ಮರ್ಯಾದೆಯ ಪ್ರಶ್ನೆಯೂ ಇದೆ. ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ೧೯೯೧ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಶಿಕ್ಷಣ, ರಾಜಕಾರಣಗಳಲ್ಲಿ ಸಮುದಾಯ ಮುನ್ನಡೆಯಿತು. ಆದಿಕವಿಯ ಹೆಸರು ಅದರ ಅಭಿಮಾನದ ಗುರುತಾಯಿತು. ಕ್ರೌಂಚವನ್ನು ಕೊಂದ ಬೇಡನಿಗೆ ಕೊಟ್ಟ ಶಾಪವೇ ಆದಿಕವಿಯ ಮೊದಲ ಶ್ಲೋಕವೆಂಬ ಐತಿಹ್ಯ ಇಲ್ಲಿ ನೆನಪಾಗದಿರದು. ಬೇಟೆ ಬಿಟ್ಟು ಕವಿಯಾದವನ ಹೆಸರನ್ನು ಹೊತ್ತ ತರುಣರು ಅಜ್ಜನ ಬೇಟೆಯ ಮಾತು ಬಂದಾಗ ಮುಜುಗರಪಡುವುದು ಸಹಜ. ಅವರ ಮುಜುಗರವನ್ನು ಟೀಕಿಸುವ ಹಕ್ಕು ಮಾಂಸಾಹಾರವನ್ನು ಕೀಳೆಂದು ಕಲಿಸಿದ ನಮ್ಮ ಶಿಷ್ಟ ಬರಹಕ್ಕೆ ಇಲ್ಲ.

ಹಾಗಿದ್ದರೂ ವಿದ್ಯೆ ಪೂರ್ತಿ ಅಳಿದಿಲ್ಲ. ದರ್ಗಾಗಳ ಕಂದೂರಿಯಲ್ಲಿ, ಊರ ದೇವತೆಗಳ ಜಾತ್ರೆಯಲ್ಲಿ ಆಡು ಕುರಿ ಕಡಿದಾಗ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಹಿಂದೂ ಮನೆತನಗಳೂ ಮುಸ್ಲಿಂ ಮನೆತನಗಳೂ ಸೇರಿ ಮಾಡುವ ಕಂದೂರಿಯ ಬೆಳಿಗ್ಗೆ ಖಂಡದ ಸಾರು ಕುದಿಯುವ ಮೊದಲೇ ಕಾಳಜದ ಹುರಿದ ಪಲ್ಯ ರೊಟ್ಟಿಯ ಮೇಲೆ ಬರುತ್ತದೆ. ಕೆಲಸ ಮಾಡಿದವರೆಲ್ಲ ನಿಂತಲ್ಲೇ ತಿನ್ನುತ್ತಾರೆ. ಅಡವಿಯ ಕೆಂಡದ ಸುತ್ತಲಿನ ಆ ಮೊದಲ ತುತ್ತು ಈಗ ಸಾಕಿದ ಆಡಿನ ಮೇಲೆ ಬಾಳುತ್ತಿದೆ. ಅಡುಗೆಯ ವಿದ್ಯೆಯನ್ನು ದಾಖಲಿಸಲು ಒಂದು ಎರಳೆಯೂ ಸಾಯಬೇಕಾಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕೊನೆಯಲ್ಲಿ ಕ್ಷೇತ್ರಕಾರ್ಯದ ನೀತಿಯ ಒಂದು ಮಾತು. ನಮ್ಮ ಮಹಾಪ್ರಬಂಧಗಳ ಕೊನೆಯಲ್ಲಿ ‘ವಕ್ತೃಗಳ ಪಟ್ಟಿ’ ಎಂದು ಹೆಸರು, ವಯಸ್ಸು, ಊರು, ಜಾತಿಗಳನ್ನು ಅಚ್ಚುಹಾಕುವ ಶಿಸ್ತಿದೆ. ನಾನೂ ಹಾಗೆಯೇ ಮಾಡಿದೆ. ಬೇಟೆಯ ಹಾಡು ಹೇಳಿದವರ ಹೆಸರುಗಳು ಅಲ್ಲಿವೆ. ಮುಂದೊಮ್ಮೆ ಅಡುಗೆಯ ವಿವರ ಕೇಳಲು ಹೋದಾಗ ಅವರಲ್ಲಿ ಒಬ್ಬ ಹಿರಿಯರು ಮೆಲ್ಲಗೆ ಹೇಳಿದರು: “ಅಡಗಿ ಬೇಕಾದಷ್ಟು ಬರಕೋರಿ. ಹೆಸರ ಮಾತ್ರ ಬರೀಬ್ಯಾಡ್ರಿ. ನಿಮ್ಮ ಪುಸ್ತಕ ಯಾರ್ಯಾರು ಓದತಾರೋ ಯಾರಿಗೆ ಗೊತ್ತು.” ಹಳೆಯ ಕಾಲದ ನೆನಪೂ ಇಂದಿನ ಪೊಲೀಸು, ಅರಣ್ಯ ಇಲಾಖೆಗಳ ಕಣ್ಣಿಗೆ ತಪ್ಪೊಪ್ಪಿಗೆಯಾಗಿ ಕಾಣಬಹುದೆಂಬ ಅಂಜಿಕೆ ಅದು. ವಿದ್ವತ್ತಿನ ಶಿಸ್ತೆಂದು ನಾನು ತಿಳಿದದ್ದು ಅವರ ಪಾಲಿಗೆ ಅಪಾಯವಾಗಿತ್ತು. ಈ ಪ್ರಬಂಧದಲ್ಲಿ ಯಾರ ಹೆಸರೂ ಊರೂ ಇಲ್ಲದಿರುವುದಕ್ಕೆ ಕಾರಣ ಇದು. ಹೆಸರಿಲ್ಲದ ಮಾತು ಪ್ರಮಾಣವಾಗದು ಎನ್ನುವವರಿಗೆ, ಲಾವಣಿಯನ್ನೂ ಗಾದೆಯನ್ನೂ ನಾವು ಹೆಸರಿಲ್ಲದೆಯೇ ಪ್ರಮಾಣವೆಂದು ಸ್ವೀಕರಿಸಿದ್ದೇವೆಂಬುದನ್ನು ನೆನಪಿಸಬೇಕು.

ಮುಂದಿನ ಸಂಶೋಧಕರು ಮಾಡಬೇಕಾದ ಕೆಲಸ ದೊಡ್ಡದಲ್ಲ. ಹಾಡು ಮುಗಿದ ಮೇಲೂ ರೆಕಾರ್ಡರ್ ನಿಲ್ಲಿಸದೆ ಕೂರಬೇಕು. ಅಂಗಳದಲ್ಲಿ ಗಂಡಸರ ಮಾತು ಕೇಳಿದ ಮೇಲೆ ಒಲೆಯ ಬಳಿಗೂ ಹೋಗಿ ಬೋಟಿ ತೊಳೆದ ಕೈಗಳನ್ನು ಕೇಳಬೇಕು. ಬಂದ ಉತ್ತರಗಳನ್ನು ‘ಇವರು ಮಾಂಸಾಹಾರಿಗಳು’ ಎಂಬ ಒಂದು ವಾಕ್ಯಕ್ಕೆ ಇಳಿಸದೆ ಬರೆಯಬೇಕು. ನನ್ನ ಮಹಾಪ್ರಬಂಧದ ಆ ವಾಕ್ಯವನ್ನು ತಿದ್ದುವ ಅವಕಾಶ ಈಗಿಲ್ಲ. ಈ ಬರಹವನ್ನು ಅದರ ತಿದ್ದುಪಡಿಯೆಂದು ಓದುಗರು ಭಾವಿಸಬೇಕಾಗಿ ಕೋರುತ್ತೇನೆ.